ಕನ್ನಡದವರಿಗೆ ಹಾಡೋಕೆ ಬರ್ತಿರಲಿಲ್ವಾ?

ಹೋದ ವಾರ ಮಗಳು ಒಂದು ಪ್ರಶ್ನೆ ಕೇಳಿದಳು. ಅವತ್ತಿನಿಂದ ಅದು ತಲೆ ಬಿಟ್ಟು ಹೋಗುತ್ತಿಲ್ಲ. ಊರಿನವರ ಜೊತೆ ಹೇಳಿಕೊಂಡರೇ ಸಮಾಧಾನ, ಅದಕ್ಕೆ ಬರೀತಿದ್ದೇನೆ.

ಸಂಜೆ ಅಡುಗೆ ಮಾಡುವಾಗ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿಕೊಳ್ಳೋದು ನನ್ನ ಅಭ್ಯಾಸ. ಸಿಂಗಪುರದ ನಮ್ಮ ಬ್ಲಾಕಿನಲ್ಲಿ ಒಂದು ಮಹಡಿಗೆ ಒಂದೇ ಉದ್ದನೆಯ ಕಾರಿಡಾರ್. ಬಾಗಿಲು ತೆರೆದಿಟ್ಟರೆ ಒಗ್ಗರಣೆ ವಾಸನೆ, ಹಾಡು, ಜಗಳ ಎಲ್ಲವೂ ಎಲ್ಲರ ಮನೆಗೆ. ಎರಡು ಮನೆ ಆಚೆ ಒಬ್ಬರು ತಮಿಳು ಪಾಟಿ, ಅಂದರೆ ಅಜ್ಜಿ, ಇದ್ದಾರೆ. ಅವರು ಹುಟ್ಟಿ ಬೆಳೆದದ್ದು ಎಲ್ಲಾ ಇಲ್ಲೇ. ಅವತ್ತು ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದವರು ನಮ್ಮ ಬಾಗಿಲಿಗೆ ಬಂದು ನಿಂತರು. 'ಇದು ನಮ್ಮ ಪಿ.ಬಿ.ಎಸ್. ಅಲ್ವಾ? ಜೆಮಿನಿ ಗಣೇಶನ್ ಧ್ವನಿ! ನಿಮ್ಮ ಭಾಷೆಯಲ್ಲೂ ಹಾಡಿದ್ದಾರಾ?' ಅಂದರು. ನಮಗೆ ಇದು ರಾಜ್‌ಕುಮಾರ್ ಧ್ವನಿ ಪಾಟಿ, ನೂರಾರು ಹಾಡು ಹಾಡಿದ್ದಾರೆ ಅಂದೆ. ಅವರಿಗೆ ನಂಬಲಿಕ್ಕೇ ಆಗಲಿಲ್ಲ. ಹಾಡು ಮುಗಿಯುವವರೆಗೂ ಬಾಗಿಲಿನ ಗ್ರಿಲ್ ಹಿಡಿದುಕೊಂಡು ನಿಂತಿದ್ದರು.

ಮೇಜಿನ ಮೇಲೆ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿದಳು. ಈ ತಾತ ತಮಿಳರಾ, ಕನ್ನಡದವರಾ? ಎರಡೂ ಅಲ್ಲ ಕಣೇ, ಆಂಧ್ರದ ಕಾಕಿನಾಡದವರು ಅಂದೆ. ಜೊತೆಗೆ ಹಾಡ್ತಾರಲ್ಲ, ಆ ಆಂಟಿ? ಎಸ್. ಜಾನಕಿ, ಗುಂಟೂರು ಕಡೆಯವರು. ಎಸ್‌ಪಿಬಿ? ನೆಲ್ಲೂರು. ಪಿ. ಸುಶೀಲಾ? ವಿಜಯನಗರಂ, ಅದೂ ಆಂಧ್ರ. ವಾಣಿ ಜಯರಾಂ? ತಮಿಳುನಾಡಿನ ವೆಲ್ಲೂರು. ಯೇಸುದಾಸ್? ಕೊಚ್ಚಿ. ಅವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: 'ಹಾಗಾದ್ರೆ ಕನ್ನಡದವರಿಗೆ ಹಾಡೋಕೆ ಬರ್ತಿರಲಿಲ್ವಾ ಅಮ್ಮಾ?'

ಪಾಟಿ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಅಂತ ಹೇಳಬೇಕಾದರೆ ನಮ್ಮ ಊರಿನ ವಿಷಯ ಹೇಳಬೇಕು. ನಾನು ತಾಳವಾಡಿ ಕಡೆಯವಳು. ತಮಿಳುನಾಡಿನ ಈರೋಡ್ ಜಿಲ್ಲೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಕಾಡು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲದ ಮೇಲೆ ಹೋಗಬೇಕು. ಚಾಮರಾಜನಗರ ಮಾತ್ರ ಪಕ್ಕದಲ್ಲೇ. ಮದುವೆ ಸೀರೆ, ಆಸ್ಪತ್ರೆ, ಸಿನಿಮಾ ಎಲ್ಲಕ್ಕೂ ನಾವು ಆ ಕಡೆಗೇ ಹೋಗುತ್ತಿದ್ದೆವು. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು. ತಾಳವಾಡಿ ತಮಿಳುನಾಡಿನ ಕಡೆಗೇ ಉಳಿಯಿತು. ಅಷ್ಟೇ ವ್ಯತ್ಯಾಸ. ಮನೆಯಲ್ಲಿ, ಹೊಲದಲ್ಲಿ, ಮಾದಪ್ಪನ ಹಾಡಿನಲ್ಲಿ ಕನ್ನಡ ಹಾಗೇ ಇತ್ತು, ಈಗಲೂ ಇದೆ.

ಸಿಂಗಪುರಕ್ಕೆ ಬಂದ ಹೊಸದರಲ್ಲಿ ಕನ್ನಡದವರ ಒಂದು ಕೂಟಕ್ಕೆ ಹೋಗಿದ್ದೆ. ಊರು ಯಾವುದು ಅಂತ ಕೇಳಿದರು. ತಾಳವಾಡಿ ಅಂದೆ. 'ಓ, ತಮಿಳುನಾಡಾ? ಪರವಾಗಿಲ್ಲ, ಕನ್ನಡ ಚೆನ್ನಾಗಿಯೇ ಮಾತಾಡ್ತೀರಿ' ಅಂದರು. ಅವರು ಹೊಗಳಿದ್ದೇ ಇರಬೇಕು. ಆದರೆ ಆ ಮಾತು ನನಗೆ ಚುಚ್ಚಿತು. ಮಗಳನ್ನು ಶಾಲೆಗೆ ಸೇರಿಸುವಾಗ ಇನ್ನೊಂದು ಸಲ ಹೀಗೇ ಆಯಿತು. ಇಲ್ಲಿನ ಶಾಲೆಗಳಲ್ಲಿ ಮಾತೃಭಾಷೆ ಅಂತ ಒಂದು ವಿಷಯ ಕಲಿಯಲೇಬೇಕು. ಭಾರತದವರಿಗೆ ತಮಿಳು ಇದೆ. ಬೇಡ ಅಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಇಲ್ಲ. ನಮ್ಮ ಪರಿಚಯದವರೆಲ್ಲ ಹಿಂದಿ ತೆಗೆದುಕೊಂಡರು. ನನಗೆ ತಮಿಳು ಓದಲು, ಬರೆಯಲು ಬರುತ್ತೆ, ಮನೆಯಲ್ಲೇ ಹೇಳಿಕೊಡಬಹುದು ಅಂತ ತಮಿಳು ಆರಿಸಿದೆ. 'ನಿಮ್ಮದು ಹೇಗೂ ಆ ಕಡೆ ಅಲ್ವಾ' ಅಂದರು ಒಬ್ಬರು.

ಆ ಕಡೆ. ನನ್ನ ಊರಿನಿಂದ ಕೂಗಳತೆಯಲ್ಲಿ ದೊಡ್ಡಗಾಜನೂರು ಇದೆ. ರಾಜ್‌ಕುಮಾರ್ ಅವರ ಊರು.

ನಮ್ಮಜ್ಜಿಗೆ ಅವರು ಕೊನೆವರೆಗೂ ಪುಟ್ಟಸ್ವಾಮಯ್ಯನವರ ಮಗ. ಸಿನಿಮಾದವರ ಹೆಸರು ಆಮೇಲಿನದು. ಹೊಟ್ಟೆಪಾಡಿಗಾಗಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ಕಂಪನಿ ಸೇರಿದವರು. ಕಂಸ, ರಾವಣ, ಹಿರಣ್ಯಕಶಿಪುವಿನ ಪಾತ್ರಗಳಲ್ಲಿ ದೊಡ್ಡ ಹೆಸರು. ಮಗ ಮುತ್ತುರಾಜನೂ ಚಿಕ್ಕಂದಿನಲ್ಲೇ ಅಪ್ಪನ ಹಿಂದೆ ಗುಬ್ಬಿ ವೀರಣ್ಣನವರ ಕಂಪನಿಗೆ ಹೋದರು. ಶಾಲೆ ಓದು ಅಲ್ಲಿಗೇ ನಿಂತಿತು. ಆದರೆ ಕಂಪನಿ ನಾಟಕ ಅಂದರೆ ಅದೇ ಒಂದು ಶಾಲೆ. ಅಲ್ಲಿ ಹಾಡೋಕೆ ಬೇರೆಯವರು ಇರಲ್ಲ. ಪಾತ್ರ ಮಾಡುವವರೇ ಹಾಡಬೇಕು. ರಾತ್ರಿಯೆಲ್ಲ ನಾಟಕ, ಹಿಂದೆ ಕೂತವನಿಗೂ ಸಾಹಿತ್ಯ ಕೇಳಿಸಬೇಕು. ಕಂದಪದ್ಯದಲ್ಲಿ ಒಂದು ಅಕ್ಷರ ನುಂಗಿದರೆ ಜನ ಕೂಗುತ್ತಿದ್ದರು. ರಾಜ್‌ಕುಮಾರ್ ಮಾತಾಡಿದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದಲ್ಲ, ಅದು ಅಲ್ಲಿ ತಿದ್ದಿದ ನಾಲಿಗೆ.

ಇಷ್ಟೆಲ್ಲ ಇದ್ದೂ ಸಿನಿಮಾದಲ್ಲಿ ಅವರು ಹಾಡಲಿಲ್ಲ. 1954ರ 'ಬೇಡರ ಕಣ್ಣಪ್ಪ' ಅವರನ್ನು ನಾಯಕನನ್ನಾಗಿ ಮಾಡಿತು. ಅದರಲ್ಲಿ ಕಣ್ಣಪ್ಪನಿಗೆ ಧ್ವನಿಯಾದದ್ದು ಚಿದಂಬರಂ ಜಯರಾಮನ್, ತಮಿಳಿನ ಗಾಯಕ. ಆಮೇಲೆ ಪಿ.ಬಿ. ಶ್ರೀನಿವಾಸ್ ಬಂದರು. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ರಾಜ್‌ಕುಮಾರ್ ಜಾನಕಿಯವರ ಜೊತೆ ಒಂದು ಯುಗಳ ಗೀತೆ ಹಾಡಿದ್ದುಂಟು. ಚೆನ್ನಾಗಿಯೇ ಹಾಡಿದ್ದಾರೆ, ಈಗಲೂ ಕೇಳಬಹುದು. ಆದರೂ ಮುಂದಿನ ಹದಿನೈದು ವರ್ಷ ತೆರೆ ಮೇಲೆ ಅವರು ತುಟಿ ಆಡಿಸಿದರು, ಶ್ರೀನಿವಾಸ್ ಹಾಡಿದರು.

ಇದನ್ನು ಹೇಳಿದಾಗ ಮಗಳಿಗೆ ಬೇಜಾರಾಯಿತು. ಹಾಡೋಕೆ ಬರ್ತಿತ್ತು ಅಂದ್ರೆ ಯಾಕೆ ಬಿಡಲಿಲ್ಲ? ನ್ಯಾಯವಾದ ಪ್ರಶ್ನೆ. ನನಗೆ ತಿಳಿದಷ್ಟು ಹೇಳಿದೆ. ಆಗ ಕನ್ನಡ ಸಿನಿಮಾದ ಮನೆ ಮದ್ರಾಸಿನಲ್ಲಿತ್ತು. ಸ್ಟುಡಿಯೋ ಅಲ್ಲಿ, ವಾದ್ಯದವರು ಅಲ್ಲಿ, ರೆಕಾರ್ಡಿಂಗ್ ಅಲ್ಲಿ. ಕನ್ನಡದ ನಿರ್ಮಾಪಕರ ಹತ್ತಿರ ದುಡ್ಡು ಕಮ್ಮಿ, ಸಮಯ ಇನ್ನೂ ಕಮ್ಮಿ. ಒಂದೆರಡು ಟೇಕಿನಲ್ಲಿ ಹಾಡಿ ಮುಗಿಸುವ, ಪಳಗಿದ ಗಾಯಕರು ಪಕ್ಕದ ಬೀದಿಯಲ್ಲೇ ಇದ್ದರು. ಅವರು ತೆಲುಗು, ತಮಿಳು ಮನೆಗಳಿಂದ ಬಂದವರು. ಹಾಗಾಗಿ ಕನ್ನಡದ ಹಾಡೂ ಅವರ ಗಂಟಲಿಗೆ ಹೋಯಿತು.

ಅವರೇನು ಸುಲಭವಾಗಿ ಬಂದವರಲ್ಲ. ಶ್ರೀನಿವಾಸ್ ಹುಟ್ಟಿದ್ದು 1930ರಲ್ಲಿ. ಅಮ್ಮ ಹಾಡುತ್ತಿದ್ದರು. ಮಗ ಸರ್ಕಾರಿ ಕೆಲಸ ಹಿಡಿಯಲಿ ಅನ್ನೋದು ಅಪ್ಪನ ಆಸೆ. ಬಿ.ಕಾಂ. ಮಾಡಿಸಿದರು. ಅಷ್ಟು ಓದಿದ ಹುಡುಗ ಜೆಮಿನಿ ಸ್ಟುಡಿಯೋದ ಬಾಗಿಲಿಗೆ ಹೋದ. ವೀಣೆಯ ಈಮನಿ ಶಂಕರಶಾಸ್ತ್ರಿಗಳು ಅಲ್ಲಿದ್ದರು, ಅವರಿಂದ ಒಂದು ದಾರಿ ಸಿಕ್ಕಿತು. ಮೊದಲು ಹಾಡಿದ್ದು 1952ರಲ್ಲಿ, ಹಿಂದಿಯ 'ಮಿಸ್ಟರ್ ಸಂಪತ್' ಚಿತ್ರಕ್ಕೆ. ಆ ಕಾಲದ ಗಾಯಕರಿಗೆ ಎತ್ತರದ ಸ್ವರ, ಭಾರೀ ಗಂಟಲು ಬೇಕಿತ್ತು. ಇವರದು ಮೆಲು ದನಿ. ಮೈಕಿಗೆ ಗುಟ್ಟು ಹೇಳಿದ ಹಾಗೆ ಹಾಡುವವರು. ಅದೇ ಕೊನೆಗೆ ಅವರನ್ನು ಉಳಿಸಿತು. ಎಂಟು ಭಾಷೆಯಲ್ಲಿ ಕವಿತೆ ಬರೆಯುತ್ತಿದ್ದರು. ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಜೇಬು ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ಕನ್ನಡವನ್ನು ಅವರು ಕಿವಿಯಿಂದ ಕಲಿತದ್ದಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತೆ. ಅರ್ಥ ತಿಳಿದುಕೊಂಡು, ಬರೆದು, ಓದಿ ಕಲಿತದ್ದು. ಇಲ್ಲದಿದ್ದರೆ ಆ ಳಕಾರ, ಆ ಮಹಾಪ್ರಾಣ ಅಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ.

ಎಸ್‌ಪಿಬಿ ಕಥೆ ಮಗಳಿಗೆ ಜಾಸ್ತಿ ಹಿಡಿಸಿತು. ಹರಿಕಥೆ ಹೇಳುವ ಸಾಂಬಮೂರ್ತಿಯವರ ಮಗ. ಓದಿದ್ದು ಎಂಜಿನಿಯರಿಂಗ್, ನಮ್ಮ ಗಡಿಯದೇ ಇನ್ನೊಂದು ಊರಾದ ಅನಂತಪುರದಲ್ಲಿ. ಟೈಫಾಯಿಡ್ ಬಂದು ಅಲ್ಲಿ ಓದು ನಿಂತಿತು. ಆಮೇಲೆ ಮದ್ರಾಸಿಗೆ ಹೋದರು. ಓದಿಗಿಂತ ಹಾಡಿನ ಸ್ಪರ್ಧೆಗಳೇ ಜಾಸ್ತಿ ಆದವು. ಅಂಥದ್ದೊಂದು ಸ್ಪರ್ಧೆಯಲ್ಲಿ ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿ ಅವರ ಕಿವಿಗೆ ಬಿದ್ದರು. ಮೊದಲ ಹಾಡು 1966ರ ಡಿಸೆಂಬರ್ 15ರಂದು, ತೆಲುಗಿನಲ್ಲಿ. ಎರಡನೆಯದು ಯಾವ ಭಾಷೆಯದು ಹೇಳು ನೋಡೋಣ ಅಂದೆ. ತಮಿಳು ಅಂದಳು. ಅಲ್ಲ, ಕನ್ನಡ. ಎಂ. ರಂಗರಾವ್ ಅವರ ಸಂಗೀತದಲ್ಲಿ 'ನಕ್ಕರೆ ಅದೇ ಸ್ವರ್ಗ' ಚಿತ್ರಕ್ಕೆ. ಕನ್ನಡದ ಸಾಲುಗಳನ್ನು ತೆಲುಗು ಅಕ್ಷರದಲ್ಲಿ ತಮ್ಮ ಕೈಯಾರೆ ಬರೆದುಕೊಂಡು ಹಾಡುತ್ತಿದ್ದವರು, 1995ನೇ ಸಾಲಿನಲ್ಲಿ ಪಂಚಾಕ್ಷರ ಗವಾಯಿಗಳ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದರು. ತಮ್ಮನ್ನು ಬೆಳೆಸಿದ ಕೋದಂಡಪಾಣಿಯವರ ಹೆಸರನ್ನೇ ತಮ್ಮ ರೆಕಾರ್ಡಿಂಗ್ ಥಿಯೇಟರಿಗೆ ಇಟ್ಟರು. ಮುಂದಿನ ಜನ್ಮ ಅಂತಿದ್ದರೆ ಕನ್ನಡ ನಾಡಿನಲ್ಲೇ ಹುಟ್ಟುತ್ತೇನೆ ಅಂತ ವೇದಿಕೆ ಮೇಲೆ ಹೇಳುತ್ತಿದ್ದರು. ಆ ಮಾತು ಕೇಳಿ ಕಣ್ಣೀರು ಹಾಕಿದ ಕನ್ನಡಿಗರು ಎಷ್ಟೋ. ನಾನೂ ಹಾಕಿದ್ದೇನೆ.

ಜಾನಕಿಯವರದು ರೇಪಲ್ಲೆ ತಾಲ್ಲೂಕಿನ ಪಲ್ಲಪಟ್ಲ ಎಂಬ ಹಳ್ಳಿ. ಹುಟ್ಟಿದ್ದು 1938ರಲ್ಲಿ, ಸಿನಿಮಾಕ್ಕೆ ಹಾಡಲು ಶುರು ಮಾಡಿದ್ದು 1957ರಲ್ಲಿ, ಅಂದರೆ ಹತ್ತೊಂಬತ್ತಕ್ಕೆ. ಅವರ ಬಗ್ಗೆ ಬರೆಯಲು ಕೂತರೆ ಇನ್ನೊಂದು ಬರಹವೇ ಆಗುತ್ತೆ, ಇಲ್ಲಿಗೇ ಬಿಡುತ್ತೇನೆ.

ಆದರೆ ಮಗಳ ಪ್ರಶ್ನೆಗೆ ಇದು ಅರ್ಧ ಉತ್ತರ. ಕನ್ನಡದವರು ಏನು ಮಾಡುತ್ತಿದ್ದರು? ಹಾಡುತ್ತಿದ್ದರು. ಬೇರೆ ಕಡೆ ಹಾಡುತ್ತಿದ್ದರು, ಅಷ್ಟೇ. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡರು. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರು ಹುಡುಕಿಕೊಂಡು ಮನೆ ಬಿಟ್ಟು ಓಡಿದರು. ಕೈಯಲ್ಲಿ ಕಾಸಿಲ್ಲ. ಟಿಕೆಟ್ ಇಲ್ಲದೆ ರೈಲು ಹತ್ತಿ, ಹಾಡು ಹೇಳಿಯೇ ಊರೂರು ದಾಟಿದರು. ಗ್ವಾಲಿಯರ್, ಜಲಂಧರ್ ಎಲ್ಲಾ ಸುತ್ತಿ, ಕೊನೆಗೆ ಗುರು ಸಿಕ್ಕಿದ್ದು ಮನೆ ಹತ್ತಿರದ ಕುಂದಗೋಳದಲ್ಲಿ. ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತರು. ದಿನಾ ಕಾರ್ಡ್ ಟ್ಯಾಪ್ ಮಾಡಿ ರೈಲು ಹತ್ತುವ ನನ್ನ ಮಗಳಿಗೆ ಅವರಿಗೆ ಫೈನ್ ಹಾಕಲಿಲ್ವಾ ಅನ್ನೋದೇ ದೊಡ್ಡ ಚಿಂತೆ.

ಗಂಗೂಬಾಯಿ ಹಾನಗಲ್ ಅವರ ವಿಷಯ ಹೇಳಿದಾಗ ಮಾತ್ರ ಅವಳು ಸುಮ್ಮನೆ ಕೂತು ಕೇಳಿದಳು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಎದುರು, ಹನ್ನೊಂದು ವರ್ಷದ ಹುಡುಗಿ ಸ್ವಾಗತ ಗೀತೆ ಹಾಡಿದಳು. ಅಂಥ ದಿನವೂ ಆ ಮಗುವಿನ ಮನಸ್ಸಿನಲ್ಲಿ ಜಾತಿಯ ಹೆದರಿಕೆ ಇತ್ತು. ಊಟ ಆದ ಮೇಲೆ ಎಲೆ ಎತ್ತಲು ಹೇಳಿಬಿಡುತ್ತಾರೇನೋ ಅಂತ. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಪಾಠ ಹೇಳಿಸಿಕೊಂಡರು. ದಾರಿಯಲ್ಲಿ ಜನ ಆಡಿಕೊಂಡರು. ಆ ಕಾಲದಲ್ಲಿ ಹಾಡುವ ಹೆಂಗಸಿಗೆ ಇದ್ದ ಮರ್ಯಾದೆ ಅಷ್ಟು. ಈಗ ನಾವು ಅವರ ಹೆಸರಿನ ಹಿಂದೆ ಎಷ್ಟು ಬಿರುದು ಸೇರಿಸಿದರೂ ಆ ಬೀದಿಯಲ್ಲಿ ಆಡಿಕೊಂಡವರು ಕನ್ನಡದವರೇ. ಗಾಯಕರು ಹೊರಗಿನಿಂದ ಬಂದದ್ದು ಯಾಕೆ ಅನ್ನುವುದಕ್ಕೆ ಇದೂ ಒಂದು ಉತ್ತರ ಅಂತ ನನಗೆ ಅನಿಸುತ್ತೆ. ಮನೆ ಮಗಳು ಹಾಡುಗಾರ್ತಿ ಆಗ್ತೀನಿ ಅಂದರೆ ಒಪ್ಪುವ ಮನೆ ನಮ್ಮ ಕಡೆ ಎಷ್ಟಿದ್ದವು?

ಮತ್ತೆ ರಾಜ್‌ಕುಮಾರ್. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಎಮ್ಮೆ ಮೇಲೆ ಕೂತು ಹಾಡುವ ಹಾಡನ್ನು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ಆಗ ಅವರಿಗೆ 45. ಆ ವಯಸ್ಸಿಗೆ ಗಾಯಕನಾಗಿ ಬಾಳು ಶುರು ಮಾಡಿದವರು ಇನ್ಯಾರಿದ್ದಾರೋ! 'ಜೀವನ ಚೈತ್ರ'ದ ತೋಡಿ ರಾಗದ ಹಾಡಿಗೆ 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದಾಗ 60 ದಾಟಿತ್ತು. ಅಪ್ಪನಿಗೆ ಆ ಹಾಡು ಅಂದರೆ ಪ್ರಾಣ. ನಮ್ಮ ಮನೆ ಟ್ರಾನ್ಸಿಸ್ಟರಿನ ಸೆಲ್ ಹಾಕುವ ಮುಚ್ಚಳ ಎಂದೋ ಕಳೆದುಹೋಗಿತ್ತು. ಸೈಕಲ್ ಟ್ಯೂಬಿನ ತುಂಡು ಸುತ್ತಿ ಸೆಲ್ ಬೀಳದ ಹಾಗೆ ಕಟ್ಟಿದ್ದರು. ಬೆಳ್ಳುಳ್ಳಿ ಹೊಲದ ಬದುವಿನ ಮೇಲೆ ಅದನ್ನಿಟ್ಟು, ಮೈಸೂರು ಆಕಾಶವಾಣಿ ಸರಿಯಾಗಿ ಸಿಗುವವರೆಗೂ ಒಂದೊಂದೇ ಬೆರಳಿನಷ್ಟು ತಿರುಗಿಸೋರು. ಒಂದಿಷ್ಟು ಜಾಸ್ತಿ ತಿರುಗಿದರೆ ಕೊಯಮತ್ತೂರು ಬರೋದು. ಅದನ್ನೂ ಕೇಳೋರು. ಶ್ರೀನಿವಾಸ್ ಎರಡೂ ಕಡೆ ಸಿಗುತ್ತಿದ್ದರು.

ಇವತ್ತಿಗೂ ನನಗೆ ಇದೇ ದೊಡ್ಡದಾಗಿ ಕಾಣುತ್ತೆ. ರಾಜ್‌ಕುಮಾರ್ ತಾವೇ ಹಾಡಲು ಶುರು ಮಾಡಿದ ಮೇಲೆ ಶ್ರೀನಿವಾಸ್ ಅವರಿಗೆ ಕನ್ನಡದಲ್ಲಿ ಅವಕಾಶ ಕಮ್ಮಿ ಆಯಿತು. ಆದರೂ ಇಬ್ಬರ ನಡುವೆ ಒಂದು ಕೆಟ್ಟ ಮಾತು ಬರಲಿಲ್ಲ. ಅವರು ಶಾರೀರ, ನಾನು ಬರೀ ಶರೀರ ಅಂತ ರಾಜ್‌ಕುಮಾರ್ ಹೇಳಿದ್ದು ಕನ್ನಡದವರಿಗೆಲ್ಲ ಗೊತ್ತು. ಕಾಕಿನಾಡದ ಒಬ್ಬರು, ಗಾಜನೂರಿನ ಒಬ್ಬರು. ಇಬ್ಬರ ಊರೂ ಕರ್ನಾಟಕದ ಭೂಪಟದಲ್ಲಿ ಇಲ್ಲ. ಅವರಿಬ್ಬರು ಸೇರಿ ಕೊಟ್ಟ ಕನ್ನಡವನ್ನು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲಾ ತಮ್ಮದು ಅಂದವು. ಸರಿಯಾಗಿಯೇ ಮಾಡಿದವು. ಆ ಮನಸ್ಸು ಗಡಿಯಲ್ಲಿ ಕನ್ನಡ ಓದುವ ಮಕ್ಕಳ ವಿಷಯದಲ್ಲಿ ಯಾಕೆ ಇಲ್ಲ?

ಗಾಜನೂರು ಅಂದರೆ ಊರಿನ ಹೊರಗಿನವರಿಗೆ ನೆನಪಾಗೋದು 2000ದ ಜುಲೈ 30. ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದುಕೊಂಡು ಹೋದ ರಾತ್ರಿ. 108 ದಿನ ನಮ್ಮ ಸೀಮೆ ಉಸಿರು ಬಿಗಿ ಹಿಡಿದಿತ್ತು. ಕಾಡಿನ ದಾರಿಯಲ್ಲಿ ಓಡಾಡಲು ಭಯ. ಎರಡೂ ರಾಜ್ಯದಲ್ಲಿ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರು. ನಡುವೆ ಸಿಕ್ಕಿಕೊಂಡವರು ನಾವು. ನವೆಂಬರ್ 15ಕ್ಕೆ ಅವರು ಬಿಡುಗಡೆಯಾದಾಗ ಅಜ್ಜಿ ಕೊಂಗಹಳ್ಳಿ ಮಲ್ಲಿಕಾರ್ಜುನನಿಗೆ ಹರಕೆ ತೀರಿಸಿದರು. ಟಿವಿಯವರೆಲ್ಲ ಬಂದು ಹೋದರು. ಆಮೇಲೆ ನಮ್ಮ ಊರು ಯಾರಿಗೂ ಬೇಕಾಗಲಿಲ್ಲ.

ತಮಿಳುನಾಡಿನಲ್ಲಿ 2006ರ ಕಾನೂನಿನ ಪ್ರಕಾರ ಎಲ್ಲ ಶಾಲೆಗಳಲ್ಲೂ ತಮಿಳು ಕಡ್ಡಾಯ. ಅದರ ಬಗ್ಗೆ ನನ್ನ ತಕರಾರು ಏನಿಲ್ಲ. ತಮಿಳು ಕಲಿತದ್ದರಿಂದ ನನಗೆ ಒಳ್ಳೆಯದೇ ಆಗಿದೆ, ಪಾಟಿಯ ಜೊತೆ ಗಂಟೆಗಟ್ಟಲೆ ಮಾತಾಡುತ್ತೇನೆ. ಆದರೆ ಪಕ್ಕದಲ್ಲಿ ಕನ್ನಡವೂ ಗಟ್ಟಿಯಾಗಿ ನಿಲ್ಲಬೇಕಲ್ವಾ? ನವೆಂಬರ್ ಬಂದಾಗ ಗಡಿ ಕನ್ನಡಿಗರು ಅಂತ ಭಾಷಣ ಮಾಡುವವರು ಮಿಕ್ಕ ಹನ್ನೊಂದು ತಿಂಗಳು ಎಲ್ಲಿರುತ್ತಾರೆ? ಒಂದು ಗ್ರಂಥಾಲಯ, ನಾಲ್ಕು ಕಥೆ ಪುಸ್ತಕ, ಮಕ್ಕಳಿಗೆ ಹಾಡು ಕಲಿಸಲು ಒಬ್ಬ ಮೇಷ್ಟ್ರು. ಇಷ್ಟು ಕೇಳಿದರೂ ಅದು ಬೇರೆ ರಾಜ್ಯ ಅಂತಾರೆ. ಬೇರೆ ರಾಜ್ಯದ ಮುತ್ತುರಾಜ ಮಾತ್ರ ಬೇಕು.

ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. ಅವಳಿಗೆ ಹೇಳಿದ್ದು ಕಥೆಗಳನ್ನು ಮಾತ್ರ. ತಮಿಳು ತರಗತಿಯಲ್ಲಿ ಮೆಚ್ಚಿನ ಕಲಾವಿದರ ಬಗ್ಗೆ ಒಂದು ಪುಟ ಬರೆಯಲು ಕೊಟ್ಟಿದ್ದರಂತೆ. ಅವಳು ಪಿ.ಬಿ. ಶ್ರೀನಿವಾಸ್ ಬಗ್ಗೆ ಬರೆದಳು. ಪಾಟಿಯ ಹತ್ತಿರ ಕೂತು ತಪ್ಪು ತಿದ್ದಿಸಿಕೊಂಡಳು. ನನ್ನ ಅಮ್ಮನ ಊರಿನ ಹತ್ತಿರದ ಒಬ್ಬ ದೊಡ್ಡ ನಟರಿಗೆ ಇವರು ಧ್ವನಿ ಕೊಟ್ಟರು ಅಂತ ಒಂದು ಸಾಲು ಇದೆ. ಅದನ್ನು ಅವಳೇ ಸೇರಿಸಿದ್ದು. ಫೋನಿನಲ್ಲಿ ತಾತನಿಗೆ ಓದಿ ಹೇಳಿದಳು. ಅಪ್ಪ ಪೂರ್ತಿ ಕೇಳಿಸಿಕೊಂಡರು. 'ಕೂಸೇ, ಇದನ್ನ ಕನ್ನಡದಲ್ಲೂ ಬರದು ಕಳ್ಸು. ಇಲ್ಲಿ ಇಸ್ಕೂಲಿಗೆ ಕೊಡ್ತೀನಿ, ಮಕ್ಳು ಓದ್ಲಿ' ಅಂದರು.

ಹಾಗಾಗಿ ಈಗ ನಮ್ಮ ಮನೆಯಲ್ಲಿ ಹೋಂವರ್ಕ್ ಮುಗಿದ ಮೇಲೆ ಇನ್ನೊಂದು ತರಗತಿ ನಡೆಯುತ್ತಿದೆ. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದೇವೆ. ತಮಿಳಿನಲ್ಲಿ ಅಕ್ಷರದ ಕೆಳಗೆ ಒತ್ತು ಬರೆಯುವಂತಿಲ್ಲವಾದ್ದರಿಂದ ಅವಳಿಗೆ ಇದು ಹೊಸ ಆಟ. ಶ್ರೀನಿವಾಸ್ ಅಂತ ಬರೆಯೋದು ಬಂತು. ರಾಜ್‌ಕುಮಾರ್ ಕೂಡ ಬಂತು. ಬಾಲಸುಬ್ರಹ್ಮಣ್ಯಂ ಮುಂದಿನ ವಾರ.